ಕೆಂಪು ಕಾರಿನ ಮೇಲಿನ ಇಬ್ಬನಿ

ಆ ಬೆಳಿಗ್ಗೆ ಅನ್ನಪೂರ್ಣೇಶ್ವರಿ ಬಾವಿಯಿಂದ ಕೊಡ ಹೊತ್ತು ಬರುವಾಗ, ದೊಡ್ಡಪ್ಪನ ಗಾಡಿ ಕೊಟ್ಟಿಗೆಯಲ್ಲಿ ಯಾರೋ ಒಬ್ಬ ಕೆಂಪು ಕಾರಿನ ಮೂತಿಗೆ ಮೂಗು ತಾಗಿಸಿ ವಾಸನೆ ನೋಡುತ್ತಿದ್ದ. ಆಮೇಲೆ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಬಾನೆಟ್ಟಿನ ಮೇಲೆ ಕುಂಕುಮದ ಬೊಟ್ಟಿನಷ್ಟು ಜಾಗ ಉಜ್ಜಿ, ತಲೆಯನ್ನು ಒಮ್ಮೆ ಅತ್ತ ಒಮ್ಮೆ ಇತ್ತ ವಾಲಿಸಿ ನೋಡಿದ. ಹೆಗಲಲ್ಲಿ ಒಂದು ಖಾಕಿ ಚೀಲ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ.

“ಏಯ್, ಯಾರ್ರೀ ಅದು? ಕೈ ತೆಗೀರಿ” ಎಂದಳು.

ಅವನು ಕೈ ತೆಗೆದ.

“ಇವತ್ತು ಹೊಸನಗರದಿಂದ ಬಣ್ಣದ ಮೇಸ್ತ್ರಿ ಬರ್ತಾರೆ. ಅವರು ಬರೋತನಕ ಅದನ್ನ ಯಾರೂ ಮುಟ್ಟೋ ಹಂಗಿಲ್ಲ.”

ಅವನು ಅವಳನ್ನೂ, ಅವಳ ಸೊಂಟದ ಮೇಲೆ ತುಳುಕುತ್ತಿದ್ದ ಕೊಡವನ್ನೂ ನೋಡಿ, ಬಹಳ ವಿಧೇಯನಾಗಿ “ಸರಿ” ಎಂದು ಕೊಟ್ಟಿಗೆಯಿಂದ ಆಚೆ ಹೋಗಿ ಬಿಸಿಲಲ್ಲಿ ನಿಂತ. ಅಡುಗೆಮನೆಯ ಕಿಟಕಿಯಿಂದ ಅವಳು ಮೂರು ಸಲ ಇಣುಕಿದಳು. ಮೂರು ಸಲವೂ ಅಲ್ಲೇ ನಿಂತಿದ್ದ. ಮೂರನೆಯ ಸಲ ಅವನೂ ಕಿಟಕಿಯ ಕಡೆಗೇ ನೋಡುತ್ತಿದ್ದುದರಿಂದ ಅವಳು ಬೇಕಿಲ್ಲದಿದ್ದರೂ ಸಾರಿಗೆ ಸೌಟು ಹಾಕಿ ತಿರುವಿದಳು.

ಅರ್ಧ ಗಂಟೆ ಕಳೆದ ಮೇಲೆ ದೊಡ್ಡಪ್ಪ ನಾಗರಾಜಪ್ಪ ಗಿರಣಿಯಿಂದ ಬಂದವರು, “ಬಿಸಿಲಲ್ಲಿ ಎಂತಕ್ಕೆ ನಿಂತಿದೀಯೋ ಗುತ್ಯಪ್ಪ, ಮಾರಾಯ?” ಎಂದರು.

“ಮೇಸ್ತ್ರಿ ಬರೋತನಕ ಮುಟ್ಟಬಾರದು ಅಂದ್ರು ಅಯ್ಯಾ. ಅವರು ಬರ್ಲಿ ಅಂತ ಕಾಯ್ತಿದ್ದೆ.”

ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ. ಕಿಟಕಿಯ ಒಳಗಿದ್ದವಳಿಗೆ ಅರ್ಥವಾಗಿ ಕಿವಿಯ ತುದಿಯವರೆಗೂ ಬಿಸಿಯಾಯಿತು. ಮೇಸ್ತ್ರಿ ಎಂದರೆ ಕನ್ನಡಕ ಹಾಕಿಕೊಂಡು, ಬೀಡಿ ಸೇದಿ ಕೆಮ್ಮುವ ಮುದುಕ ಎಂದುಕೊಂಡಿದ್ದಳು ಅವಳು. ಇಂಥವನೊಬ್ಬ ಮೇಸ್ತ್ರಿ ಇರಬಹುದೆಂದು ಅವಳಿಗೆ ಯಾರು ಹೇಳಿದ್ದರು?

ಆ ಕಾರಿನ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಸಾಗರದ ಪೇಟೆಗೆ ಅಂಟಿಕೊಂಡ ಹಾಗೆ ನಾಗರಾಜಪ್ಪನವರ ಅಕ್ಕಿ ಗಿರಣಿ. ಆ ವರ್ಷ, ಅಂದರೆ ಅರವತ್ತಾರರ ಮಳೆಗಾಲ ಮುಗಿದ ಮೇಲೆ, ಅವರು ಚಿಕ್ಕಮಗಳೂರಿನ ಕಡೆಯ ಒಬ್ಬ ಕಾಫಿ ತೋಟದವರಿಂದ ಹಳೆಯ ಪುಟ್ಟ ಮಾರಿಸ್ ಕಾರೊಂದನ್ನು ಕೊಂಡು ತಂದಿದ್ದರು. ಒಂದು ಕಾಲಕ್ಕೆ ಕೆಂಪಾಗಿದ್ದ ಕಾರು. ತರುವ ಹೊತ್ತಿಗೆ ಹಳೇ ಹಂಚಿನ ಬಣ್ಣಕ್ಕೆ ಬಂದಿತ್ತು. ಹೊಳಪು ಬರಲೆಂದು ದೊಡ್ಡಪ್ಪ ತಾವೇ ಕೂತು ತಲೆಗೆ ಹಚ್ಚುವ ಹಾಗೆ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರು. ಒಂದು ಹಗಲು ಹೊಳೆಯಿತು. ಸಂಜೆ ಗಿರಣಿ ಶುರುವಾಗಿ ಹಾರಿದ ತೌಡೆಲ್ಲ ಬಂದು ಅದರ ಮೈಗೆ ಮೆತ್ತಿಕೊಂಡು, ಮಾರನೆಯ ದಿನ ನೋಡಿದರೆ ಕೊಟ್ಟಿಗೆಯಲ್ಲಿ ಕರಡಿ ಮಲಗಿದ ಹಾಗಿತ್ತು.

ನಗುವಂಥ ವಿಷಯವೇ. ಆದರೆ ಅನ್ನಪೂರ್ಣೇಶ್ವರಿಗೆ ಅದರಲ್ಲಿ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಯಾಕೆಂದರೆ ದೊಡ್ಡಪ್ಪ ಅವಳಿಗಾಗಿ ತೀರ್ಥಹಳ್ಳಿಯ ಒಂದು ಸಂಬಂಧ ನೋಡಿದ್ದರು. ಹುಡುಗ ಸೊಸೈಟಿಯಲ್ಲಿ ಸೆಕ್ರೆಟರಿ, ಹೆಸರು ಚಂದ್ರಯ್ಯ. ಅವನ ಮನೆಯಲ್ಲಿ ಕರಿಯ ಬಣ್ಣದ ಒಂದು ಕಾರಿತ್ತಂತೆ. ಹೆಣ್ಣು ನೋಡಲು ನೀವು ನಿಮ್ಮ ಕಾರಿನಲ್ಲಿ ಬರುವುದು ಬೇಡ, ನಮ್ಮದೇ ಕಾರು ಕಳಿಸುತ್ತೇವೆ ಎಂದು ದೊಡ್ಡಪ್ಪ ಜಂಬದಿಂದ ಕಾಗದ ಬರೆದುಬಿಟ್ಟಿದ್ದರು. ತೀರ್ಥಹಳ್ಳಿಯವರು ಕಾರಿನ ಬಾಗಿಲಲ್ಲಿ ಮುಖ ನೋಡಿಕೊಂಡು ಕ್ರಾಪು ತಿದ್ದಿಕೊಳ್ಳಬೇಕು, ಅಷ್ಟು ಹೊಳಪು ಬರುವವರೆಗೆ ಕಾರು ಅಂಗಳ ದಾಟುವುದಿಲ್ಲ ಎಂಬುದು ಅವರ ಹಟ. ಹಾಗಾಗಿ ಕಾರು ಹೊಳೆದ ದಿನ ಅವಳ ಮದುವೆ ಗೊತ್ತಾದ ಹಾಗೆ.

ಅವಳನ್ನು ಯಾರೂ ಕೇಳಿರಲಿಲ್ಲ. ದೊಡ್ಡಪ್ಪ ಕೆಟ್ಟವರಲ್ಲ, ಕೇಳಬೇಕು ಎಂದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ. ಎರಡು ವರ್ಷದ ಹಿಂದೆ ಲಿಂಗನಮಕ್ಕಿಯ ಅಣೆಕಟ್ಟಿನ ನೀರು ಏರುತ್ತ ಬಂದು ಹೊಸನಗರದ ಕಡೆಯ ಅವಳ ಊರು ಮುಳುಗಿದಾಗಲೂ ಹಾಗೇ. ತಾರೀಖು ಹೇಳಿದರು, ಎದ್ದು ಬಂದರು. ಅಪ್ಪ ಸುಬ್ಬಪ್ಪ ಮನೆಯ ತೊಲೆ, ಹಂಚು, ಬಾಗಿಲು ಎಲ್ಲವನ್ನೂ ಬಿಚ್ಚಿ ಗಾಡಿಗೆ ಹೇರಿದ್ದ. ಒಳಕೋಣೆಯ ಕೆಮ್ಮಣ್ಣಿನ ಗೋಡೆಯ ಮೇಲೆ, ಅಕ್ಕನ ಮದುವೆಗೆಂದು ಅಮ್ಮ ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಬರೆದ ಹಸೆ ಚಿತ್ತಾರ ಮಾತ್ರ ಅಲ್ಲೇ ಉಳಿಯಿತು. ಗೋಡೆಯನ್ನು ಹೇರಿಕೊಂಡು ಬರಲಾಗುತ್ತದೆಯೇ? ಅಪ್ಪ ಅಮ್ಮ ಶಿವಮೊಗ್ಗದ ಆಚೆ ಸರಕಾರ ಕೊಟ್ಟ ಜಾಗಕ್ಕೆ ಹೋದರು. ಮಗಳು ಸಾಗರದ ದೊಡ್ಡಪ್ಪನ ಮನೆಗೆ ಬಂದಳು.

ಇನ್ನು ಗುತ್ಯಪ್ಪ. ಮಂಗಳೂರಿನಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಆರು ವರ್ಷ ಇದ್ದು, ಅಮ್ಮ ಹೂವಮ್ಮ ಒಬ್ಬಳೇ ಆದಳೆಂದು ಹೊಸನಗರಕ್ಕೆ ವಾಪಸು ಬಂದವನು. ಎಂಟು ದಿನದ ಕೆಲಸ ಎಂದು ಹೇಳಿ, ಗಣಪತಿ ಕೆರೆಯ ಹತ್ತಿರ ನೆಂಟರ ಮನೆಯಲ್ಲಿ ಉಳಿದುಕೊಂಡ.

ಮೊದಲ ದಿನ ಪೂರ್ತಿ ಸಾಬೂನು ನೀರಿನಲ್ಲಿ ಎಣ್ಣೆ, ತೌಡು ಬಿಡಿಸುವುದರಲ್ಲೇ ಕಳೆಯಿತು. ಎರಡನೆಯ ದಿನ ನುಣುಪಾದ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ, ಅಂಗೈ ಅಗಲದ ಜಾಗ ಹಿಡಿದು ಹಗೂರಕ್ಕೆ ಉಜ್ಜಿದ. ಕಾಗದದಿಂದ ಕೆಂಪು ನೀರು ಇಳಿಯಿತು. ದೊಡ್ಡಪ್ಪ ಗಾಬರಿಯಾಗಿ ಇರುವ ಬಣ್ಣವೂ ಹೋಗುತ್ತಿದೆಯಲ್ಲ ಎಂದರೆ, ಬಣ್ಣ ಸತ್ತಿಲ್ಲ, ಅದರ ಮೇಲಿನ ಪೊರೆ ಸತ್ತಿದೆ, ಅದನ್ನಷ್ಟೇ ತೆಗೆಯುತ್ತಿದ್ದೇನೆ ಎಂದು ಸಮಾಧಾನ ಹೇಳಿದ.

ಅವತ್ತು ಕಾಫಿ ಕೊಡಲು ದೊಡ್ಡಮ್ಮ ಕೆರಿಯಮ್ಮನೇ ಹೋಗಿದ್ದಳು. ಯಾವ ಊರು, ಅಮ್ಮನ ತವರು ಎಲ್ಲಿ, ಕುಲದಲ್ಲಿ ನಿಮ್ಮದು ಯಾವ ಬಳಿ, ಎಲ್ಲ ಕೇಳಿಕೊಂಡು ಬಂದಳು. ದೊಡ್ಡಮ್ಮನಿಗೆ ಲೋಟ ಇಳಿಸುವಷ್ಟರಲ್ಲಿ ಮೂರು ತಲೆಮಾರು ವಿಚಾರಿಸುವ ಅಭ್ಯಾಸ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರನೆಯ ದಿನದಿಂದ ಕಾಫಿ ಕೊಡುವ ಕೆಲಸ ಹೇಗೋ ಅನ್ನಪೂರ್ಣೇಶ್ವರಿಯ ಪಾಲಿಗೆ ಬಂತು.

“ಮೇಸ್ತ್ರಿ ಬಂದ್ರಾ?” ಎಂದು ಕೇಳಿದ ಅವನು, ಲೋಟ ತೆಗೆದುಕೊಳ್ಳುತ್ತ.

“ಬಂದಿದಾರೆ. ಬಾಯಿ ಜಾಸ್ತಿ ಅವರಿಗೆ.”

ಅವನು ಕಾಫಿಯೊಳಗೆ ನಕ್ಕ. ಹೆಸರು ಕೇಳಿದ. ಹೇಳಿದಳು. ಮನೆಯವರೆಲ್ಲ ಪೂರ್ಣಿ ಅನ್ನುತ್ತಾರೆ ಎಂದೂ ಸೇರಿಸಿದಳು. ಅವನು ಮಾತ್ರ ಮಾರನೆಯ ದಿನದಿಂದ, ಒಂದು ಬಟ್ಟೆ ಬೇಕಾದರೂ, ಒಂದು ಚೊಂಬು ನೀರು ಬೇಕಾದರೂ, “ಅನ್ನಪೂರ್ಣೇಶ್ವರಿಯವರೇ” ಎಂದೇ ಕೂಗುತ್ತಿದ್ದ. ಅಷ್ಟುದ್ದ ಯಾಕೆ ಕರೆಯುತ್ತೀರಿ, ನಾಲಿಗೆ ನೋಯುವುದಿಲ್ಲವೇ ಎಂದು ಅವಳು ಕೇಳಿದಾಗ, ಬಗ್ಗಿ ಉಜ್ಜುತ್ತಿದ್ದವನು ತಲೆ ಎತ್ತದೆಯೇ ಹೇಳಿದ:

“ಯಾವುದನ್ನೂ ಅರ್ಧಕ್ಕೆ ಬಿಟ್ಟು ನನಗೆ ಅಭ್ಯಾಸ ಇಲ್ಲ.”

ನಾಲ್ಕನೆಯ ದಿನ ಅವನು ಲೇಹ್ಯದಂಥ ಬೂದು ಮುಲಾಮೊಂದನ್ನು ಬಟ್ಟೆಯಲ್ಲಿ ತೆಗೆದುಕೊಂಡು ಸುತ್ತ ಸುತ್ತ ತಿಕ್ಕಿದ. ಆಮೇಲೆ ಜೇನುಮೇಣ. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಮೇಣ ಕರಗಿಸಿ, ಟರ್ಪೆಂಟೈನ್ ಬೆರೆಸಿ, ಆರಿಸಿ, ಬೆಣ್ಣೆಯ ಹದಕ್ಕೆ ತಂದ. ಕೊಟ್ಟಿಗೆಯೆಲ್ಲ ಕಾಡಿನ ಹೂವಿನ ವಾಸನೆ. ಮೇಣ ಒರೆಸಲು ಹಳೆಯ ಬಟ್ಟೆ ಬೇಕೆಂದಾಗ ಅವಳು ದೊಡ್ಡಪ್ಪನ ಹರಿದ ಪಂಚೆ ತಂದುಕೊಟ್ಟಳು. ಅವನು ಅದನ್ನು ಕೆನ್ನೆಗೆ ಒತ್ತಿ ನೋಡಿ ತಿರುಗಿ ಕೊಟ್ಟ.

“ಇದಕ್ಕೆ ಗಂಜಿ ಹಾಕಿದೀರಿ. ಗಂಜಿ ಬಟ್ಟೆ ಬೇಡ. ತಗುಲಿದ ಕಡೆ ಬಣ್ಣ ಮಬ್ಬಾಗಿಬಿಡುತ್ತೆ, ಥೇಟು ಇಬ್ಬನಿ ಕೂತ ಹಂಗೆ.”

ದೊಡ್ಡಪ್ಪನ ಬಟ್ಟೆಗೆ ಗಂಜಿ ಹಾಕುವುದು ಅವಳದೇ ಕೆಲಸ. ಹೌದಾ ಎಂದು ಕೇಳಿ, ದೊಡ್ಡಮ್ಮನ ಸವೆದ ನೂಲಿನ ಸೀರೆ ತಂದುಕೊಟ್ಟು ಸುಮ್ಮನಾದಳು. ಆ ಮಾತು ಅವಳ ಮನಸ್ಸಿನಲ್ಲಿ ಎಲ್ಲಿ ಹೋಗಿ ಕೂತಿತೋ ಅವಳಿಗೂ ಗೊತ್ತಾಗಲಿಲ್ಲ.

ಐದನೆಯ ದಿನ ಮಧ್ಯಾಹ್ನ ಗಿರಣಿ ನಿಂತಿತ್ತು. ಹಂಚಿನ ಸಂದಿಯಿಂದ ಒಂದು ಬಿಸಿಲುಕೋಲು ಇಳಿದು ಬಾನೆಟ್ಟಿನ ಮೇಲೆ ಮಲಗಿತ್ತು. “ಅನ್ನಪೂರ್ಣೇಶ್ವರಿಯವರೇ, ಇಲ್ಲಿ ಬನ್ನಿ. ಒಬ್ಬರನ್ನ ತೋರಿಸ್ಬೇಕು” ಎಂದ.

ಬಗ್ಗಿ ನೋಡಿದಳು. ನಿನ್ನೆಯವರೆಗೆ ಹಂಚಾಗಿದ್ದದ್ದು ಇವತ್ತು ಮಾಗಿದ ಕೋಕಂ ಹಣ್ಣಿನ ಬಣ್ಣ. ಬಣ್ಣದ ಮೇಲೆ ಹೊಳಪಿರಲಿಲ್ಲ, ಒಳಗಿತ್ತು. ಕೈ ಇಟ್ಟರೆ ಮೊಣಕೈವರೆಗೆ ಮುಳುಗೀತು ಎನ್ನುವಷ್ಟು ಆಳದಲ್ಲಿ. ಆ ಆಳದಿಂದ ಒಂದು ಮುಖ ಅವಳನ್ನೇ ನೋಡುತ್ತಿತ್ತು.

“ಯಾರು ಅಂತ ಗುರುತು ಸಿಗ್ತಾ? ಕೊಡ ಹೊತ್ಕೊಂಡು ಬೈತಾರಲ್ಲ, ಅವರು.”

ಆ ಮುಖದ ಪಕ್ಕದಲ್ಲಿ ಇನ್ನೊಂದು ಮುಖ ಮೂಡಿತು. ಕೊಟ್ಟಿಗೆಯಲ್ಲಿ ಇಬ್ಬರ ನಡುವೆ ಒಂದು ಮೊಳ ಅಂತರವಿತ್ತು. ಕೆಂಪಿನೊಳಗೆ ಮಾತ್ರ ಅದೆಷ್ಟೋ ಕಡಿಮೆ. ನೇರವಾಗಿ ನೋಡಲು ಇಬ್ಬರಿಗೂ ಧೈರ್ಯವಿರಲಿಲ್ಲ. ಬಾನೆಟ್ಟಿನಲ್ಲಿ ನೋಡಿಕೊಂಡರು. ಅವಳು ರೆಪ್ಪೆ ಇಳಿಸಿದಳು, ಎತ್ತಿದಳು. ಅವನು ಇನ್ನೂ ನೋಡುತ್ತಲೇ ಇದ್ದ. ಅವಳು ಉಸಿರು ಬಿಟ್ಟಾಗ ಆ ಉಸಿರು ಹೋಗಿ ಅವನ ಮುಖದ ಮೇಲೆ ಮಂಜಾಗಿ ಕೂತಿತು. ಅವನು ಸೀರೆಯ ತುಂಡಿನಿಂದ ಅದನ್ನು ಮೆಲ್ಲಗೆ ಒರೆಸಿದ.

“ಇನ್ನು ಮೂರೇ ದಿನ. ಕಾರು ತೀರ್ಥಹಳ್ಳಿಗೆ ರೆಡಿ” ಎಂದ, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತ.

ಕೆಂಪಿನೊಳಗಿನ ಎರಡು ಮುಖಗಳಿಂದಲೂ ನಗು ಹೋಯಿತು.

ಮಾರನೆಯ ಬೆಳಗಿನ ಜಾವ ದೊಡ್ಡಮ್ಮ ಹಾಲು ಕರೆಯಲು ಹೋದಾಗ ಅನ್ನಪೂರ್ಣೇಶ್ವರಿ ಹಿಂದಿನ ದಿನದ ಗಂಜಿಯ ತಪ್ಪಲೆಗೆ ನೀರು ಬೆರೆಸಿದಳು. ಒಂದು ತೆಳ್ಳನೆಯ ಬಟ್ಟೆ ಅದ್ದಿದಳು. ಸದ್ದಾಗದಂತೆ ಕೊಟ್ಟಿಗೆಗೆ ಹೋದಳು. ಬಾನೆಟ್ಟಿನ ಒಂದು ಮೂಲೆಗೆ ಮೆಲ್ಲನೆ ಸವರಿದಳು. ಆರಿತು. ಕೆಂಪಿನ ಮೇಲೆ ಬೆಳ್ಳನೆಯ ಪೊರೆ ಬಂತು. ಥೇಟು ಇಬ್ಬನಿ.

ಎಂಟಕ್ಕೆ ಬಂದ ಗುತ್ಯಪ್ಪ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ತುಂಬಾ ಹೊತ್ತು ನೋಡಿದ. ಒಂದು ಮಬ್ಬನ್ನು ಅಷ್ಟು ಹೊತ್ತು ಯಾರೂ ನೋಡುವುದಿಲ್ಲ. ಅವಳು ಬಾಗಿಲ ಸಂದಿಯಿಂದ ಅವನನ್ನೇ ನೋಡುತ್ತಿದ್ದಳು. ದೊಡ್ಡಪ್ಪ ಬಂದು ಇದೇನೋ ಎಂದಾಗ ಅವನು ಎದ್ದು ನಿಂತು, “ಇಬ್ಬನಿ ಅಂತ ಕಾಣ್ತದೆ ಅಯ್ಯಾ. ಮಾರ್ಗಶಿರದ ಚಳಿ ನೋಡಿ. ಮೇಣ ಇನ್ನೂ ಹಸಿ. ಇನ್ನೊಂದು ಸುತ್ತು ಹಾಕ್ಬೇಕಾಗ್ತದೆ” ಎಂದ.

ತೀರ್ಥಹಳ್ಳಿಗೆ ಒಂದು ವಾರ ತಡೆಯಿರೆಂದು ಕಾಗದ ಹೋಯಿತು.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ಇಬ್ಬನಿ ಒಂದು ದಿನ ಎಡಬಾಗಿಲ ಮೇಲೆ ಕೂರುತ್ತಿತ್ತು, ಇನ್ನೊಂದು ದಿನ ಹಿಂದಿನ ಡಿಕ್ಕಿಯ ಮೇಲೆ. ಅವನು ಬಂದು ನೋಡುತ್ತಿದ್ದ, ನೀರಿನಲ್ಲಿ ತೊಳೆಯುತ್ತಿದ್ದ, ಮತ್ತೆ ಮೇಣ, ಮತ್ತೆ ಸೀರೆಯ ತುಂಡು. ವಿಚಿತ್ರವೆಂದರೆ ಕೈಯಾಡಿದಷ್ಟೂ ಆ ಕೆಂಪು ಇನ್ನೂ ಆಳಕ್ಕೆ ಇಳಿಯುತ್ತಿತ್ತು. ಅವಳೂ ಕಾಫಿಯ ನೆಪದಲ್ಲಿ ಬಂದವಳು ಒಂದು ಬಟ್ಟೆ ಹಿಡಿದು ಉಜ್ಜಲು ಕೂರುತ್ತಿದ್ದಳು. ಕಾರಿನ ಆ ಬದಿಗೆ ಅವನು, ಈ ಬದಿಗೆ ಅವಳು. ನಡುವೆ ಕಿಟಕಿಯ ಗಾಜು. ಮಾತು ಒಂದರ ಮೇಲೊಂದು. ಅವನ ಅಮ್ಮ ಹೂವಮ್ಮ ಹಾರ್ನ್ ಕೇಳಿಯೇ ಇದು ಯಾವ ಬಸ್ಸು, ಇವತ್ತು ಯಾರು ಡ್ರೈವರು, ಅವನಿಗೆ ಮನೆಯಲ್ಲಿ ಜಗಳವಾಗಿದೆಯೋ ಇಲ್ಲವೋ ಎಂದು ಹೇಳಿಬಿಡುತ್ತಾಳಂತೆ. ಅನ್ನಪೂರ್ಣೇಶ್ವರಿ ತನ್ನ ಮುಳುಗಿದ ಊರಿನ ಮಾತು ತೆಗೆದಳು. ಆ ಗೋಡೆಯ ಚಿತ್ತಾರದ ಮಾತನ್ನು ಅವಳು ಯಾರ ಹತ್ತಿರವೂ ಆಡಿದವಳಲ್ಲ. ಅವನ ಹತ್ತಿರ ಆಡಿದಳು. ಅವನು ಉಜ್ಜುವುದನ್ನು ನಿಲ್ಲಿಸಿ ಕೇಳಿದ. ನೀರು ಬಂದಾಗ ಆ ಗೆರೆಗಳು ಕರಗಿದ್ದನ್ನು ನೋಡಿದಿರಾ ಎಂದು ಕೇಳಿದ. ನೋಡಲಿಲ್ಲ, ಆದರೆ ಕಣ್ಣು ಮುಚ್ಚಿದರೆ ಕಾಣುತ್ತದೆ ಎಂದಳು.

ಎರಡು ವಾರ ಕಳೆಯಿತು. ಮೂರನೆಯದಕ್ಕೆ ಬಿತ್ತು.

ಒಂದು ಬೆಳಿಗ್ಗೆ ತಿಂಡಿಗೆ ಕೂತ ದೊಡ್ಡಪ್ಪ ದೊಡ್ಡಮ್ಮನ ಹತ್ತಿರ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. ಈ ಹುಡುಗನಿಗೆ ಕೆಲಸ ಬರುವುದಿಲ್ಲ ಎಂದು ಕಾಣುತ್ತದೆ, ಪೇಟೆಯಲ್ಲೂ ಹಾಗೇ ಹೇಳಿದೆ, ಎರಡು ಬಸ್ಸಿಗೆ ಬಣ್ಣ ಹೊಡೆಸಬೇಕು ಎಂದಿದ್ದ ಸಾಹುಕಾರರು ಬೇರೆಯವರನ್ನು ನೋಡುತ್ತಾರಂತೆ, ಸೋಮವಾರ ನಾನೂ ಶಿವಮೊಗ್ಗದಿಂದ ಬೇರೆ ಮೇಸ್ತ್ರಿಯನ್ನು ಕರೆಸುತ್ತೇನೆ ಎಂದರು. “ಇಬ್ಬನಿ ಗೆಲ್ಲಕ್ಕಾಗದವನು ಎಂತ ಮೇಸ್ತ್ರಿ?” ಎಂದು ಕೈತೊಳೆದರು.

ಅವಳ ಕೈಯಲ್ಲಿದ್ದ ದೋಸೆಯ ಸಟ್ಟುಗ ಅಲ್ಲೇ ನಿಂತಿತು. ತಾನು ಕದಿಯುತ್ತಿರುವುದು ಬರೀ ದಿನಗಳನ್ನು ಎಂದುಕೊಂಡಿದ್ದಳು. ಅವನ ಹೆಸರನ್ನೂ ಕದಿಯುತ್ತಿದ್ದಳು. ಒಂದು ಮಾತು ಎದುರಾಡದೆ ಅವನು ಆ ಬೈಗುಳವನ್ನೆಲ್ಲ ಹೊತ್ತುಕೊಂಡಿದ್ದ.

ದೊಡ್ಡಪ್ಪ ಗಿರಣಿಗೆ ಹೋದದ್ದೇ ತಡ, ಸೀದಾ ಕೊಟ್ಟಿಗೆಗೆ ಹೋದಳು. ಕೈಯಲ್ಲಿ ಕಾಫಿಯೂ ಇರಲಿಲ್ಲ.

“ನಿಮ್ಮ ಕೆಲಸ ಕೆಡಿಸ್ತಿರೋದು ನಾನು” ಎಂದಳು. “ಅದು ಇಬ್ಬನಿ ಅಲ್ಲ. ಗಂಜಿ.”

ಅವನು ಉಜ್ಜುತ್ತಲೇ ಇದ್ದ. “ಗೊತ್ತು.”

“ಯಾವಾಗಿಂದ?”

“ಮೊದಲ್ನೇ ದಿನದಿಂದ. ಇಬ್ಬನಿ ಬೀಳ್ತದೆ, ಹೋಗ್ತದೆ. ಚಿತ್ತಾರ ಬರೆಯೋ ಇಬ್ಬನಿ ನಾನಂತೂ ಎಲ್ಲೂ ನೋಡಿಲ್ಲ, ಅನ್ನಪೂರ್ಣೇಶ್ವರಿಯವರೇ.”

ಅವಳಿಗೆ ಅರ್ಥವಾಗಲಿಲ್ಲ. ಅವನು ಅವಳನ್ನು ಆವತ್ತಿನ ಮಬ್ಬಿನ ಮುಂದೆ ಕೂರಿಸಿ, ಬೆಳಕು ಅಡ್ಡ ಬೀಳುವ ಹಾಗೆ ತಲೆ ವಾಲಿಸಿ ನೋಡಲು ಹೇಳಿದ. ನೋಡಿದಳು. ಬೆಳ್ಳನೆಯ ಪೊರೆಯೊಳಗೆ ಅವಳ ಬೆರಳು ಓಡಿದ ಗೆರೆಗಳು. ಬಟ್ಟೆಯಿಂದ ಸವರಿದ್ದೇನೆ ಎಂದು ಅವಳು ನಂಬಿದ್ದಳು. ಬೆರಳುಗಳಿಗೆ ಬೇರೆಯೇ ನೆನಪಿತ್ತು. ನೇರ ಎಳೆಗಳು, ಅವುಗಳ ನಡುವೆ ಜಡೆಯ ಹೆಣಿಗೆ, ಮೂಲೆಯಲ್ಲಿ ಒಂದು ಪುಟ್ಟ ತೇರಿನಂಥ ಮಾಡ. ಅಮ್ಮನ ಗೋಡೆ.

“ದಿನಾ ಬೆಳಿಗ್ಗೆ ಓದಿ ಆಮೇಲೆ ತೊಳೀತಿದ್ದೆ” ಎಂದ ಅವನು. “ತೊಳಿಯಕ್ಕೆ ಮನಸ್ಸಿಲ್ದೇ ತೊಳೀತಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ನಿಲ್ಲಿಸ್ತಿದ್ರಿ.”

ಕೊಟ್ಟಿಗೆಯ ಮಾಡಿನಲ್ಲಿ ಒಂದು ಗುಬ್ಬಿ ಸದ್ದು ಮಾಡಿತು. ಅವನು ಮುಂದಿನ ಬಾಗಿಲು ತೆರೆದು, ತೆರೆದಾಗ ಮಾತ್ರ ಕಾಣುವ ಒಳಗಂಬದ ಮೇಲೆ ಬೆರಳಿಟ್ಟ. ಅಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಅವಳ ಬಿಳಿಯ ಎಳೆಗಳು ಹಾಗೇ ಇದ್ದವು. ಯಾವತ್ತೋ ಬಾಗಿಲು ತೆರೆದು ಸವರುವಾಗ ತಾಗಿದ್ದು. ಅದನ್ನು ತೊಳೆಯದೆ, ಮೇಲೆ ಮೇಣದ ಪದರ ಹಾಕಿ ಉಳಿಸಿದ್ದ.

“ಎಲ್ಲಾದನ್ನೂ ತೊಳಿಯಕ್ಕಾಗಲಿಲ್ಲ. ಇದೊಂದು ಇರ್ಲಿ ಅಂತ...” ಮಾತು ಮುಗಿಸಲಿಲ್ಲ. ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲದವನು ಅದೊಂದನ್ನು ಅರ್ಧಕ್ಕೇ ಬಿಟ್ಟ. ಅವಳು ಆ ಎಳೆಗಳ ಮೇಲೆ ಬೆರಳಿಟ್ಟಳು. ಅವನ ಬೆರಳು ಅಲ್ಲೇ ಇತ್ತು. ಇಬ್ಬರೂ ತೆಗೆಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದ: “ನಾಳೆ ಕೆಲಸ ಮುಗಿಸ್ತೀನಿ. ಮಬ್ಬು ಕಾರಿನ ಪಕ್ಕ ನಿಂತ್ಕೊಂಡು ನಿಮ್ಮ ದೊಡ್ಡಪ್ಪನ ಹತ್ರ ನಿಮ್ಮನ್ನ ಕೇಳಕ್ಕೆ ನನಗೆ ಮುಖ ಇಲ್ಲ. ಹೊಳಪು ಬರ್ಲಿ. ಕೇಳ್ತೀನಿ.”

ಮಾರನೆಯ ದಿನ ಅವನು ಒಮ್ಮೆಯೂ ಕೂರಲಿಲ್ಲ. ಸಂಜೆಯ ಬಿಸಿಲಿಗೆ ಕಾರನ್ನು ಅಂಗಳಕ್ಕೆ ತಳ್ಳಿ ತಂದಾಗ ಗಿರಣಿಯ ಆಳುಗಳೆಲ್ಲ ಚೀಲ ಇಳಿಸಿ ನಿಂತು ನೋಡಿದರು. ಆಕಾಶ ಅದರ ಮೇಲೆ ಬಂದು ಮಲಗಿತ್ತು. ದೊಡ್ಡಪ್ಪ ಬಾಗಿಲ ಮುಂದೆ ಬಗ್ಗಿ ಮೀಸೆ ತಿದ್ದಿಕೊಂಡರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಗುತ್ಯಪ್ಪನ ಬೆನ್ನು ತಟ್ಟಿದರು. ಅವನು “ಅಯ್ಯಾ, ಒಂದು ಮಾತು” ಎಂದು ಶುರು ಮಾಡಿದ. ಕೂಲಿಯ ವಿಷಯವೆಂದುಕೊಂಡ ದೊಡ್ಡಪ್ಪ ಅದೆಲ್ಲ ಆಮೇಲೆ, ನಾಳೆ ಬೆಳಿಗ್ಗೆ ನೀನೇ ಕಾರು ತೀರ್ಥಹಳ್ಳಿಗೆ ಓಡಿಸಬೇಕು, ನಾನೇ ಜೊತೆಗೆ ಬಂದು ಅವರನ್ನು ಕರೆತರುತ್ತೇನೆ, ಈಗ ಟೆಲಿಗ್ರಾಂ ಕೊಟ್ಟು ಬರುತ್ತೇನೆ ಎನ್ನುತ್ತ ಪೋಸ್ಟಾಫೀಸಿಗೆ ಹೊರಟೇಬಿಟ್ಟರು.

“ಬಾಯಿ ತೆಗಿಯಕ್ಕೇ ಬಿಡಲಿಲ್ಲ” ಎಂದ ಅವನು, ಖಾಲಿ ಅಂಗಳದಲ್ಲಿ ಅವಳನ್ನು ನೋಡಿ.

ಅವಳು ಒಳಗೆ ಹೋಗಿ ಒಂದು ಪಾವು ಅಕ್ಕಿ ನೆನೆಹಾಕಿದಳು.

ಬೆಳಗಿನ ಹೊಂಬಿಸಿಲು ಅಂಗಳಕ್ಕೆ ಇಳಿಯುವಾಗ ಅವಳು ಕಾರಿನ ಎಡಬಾಗಿಲ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ನುಣ್ಣಗೆ ಅರೆದ ಅಕ್ಕಿಯ ಬಟ್ಟಲು, ಕೈಯಲ್ಲಿ ಅಮ್ಮನ ಪೆಟ್ಟಿಗೆಯಿಂದ ಬಂದ ಪುಂಡಿ ನಾರಿನ ಕುಂಚ. ಈ ಸಲ ಕದ್ದು ಮಾಡುತ್ತಿರಲಿಲ್ಲ. ಕೆಂಪಿನ ಆಳದಲ್ಲಿ ತನ್ನ ಮುಖ ಕಾಣುತ್ತಿತ್ತು. ಅದರ ಸುತ್ತ ಮೊದಲನೆಯ ಎಳೆ ಎಳೆದಳು. ಎರಡನೆಯ ಎಳೆ. ಮೂರನೆಯದು. ಜಡೆಯ ಹೆಣಿಗೆ. ಮಾಡದೊಳಗೆ ಎರಡು ಪುಟ್ಟ ಗೊಂಬೆಗಳು, ಒಂದರ ಪಕ್ಕ ಒಂದು. ಹಸೆ ಚಿತ್ತಾರದಲ್ಲಿ ಅವರೇ ಮದುಮಕ್ಕಳು.

ಗುತ್ಯಪ್ಪ ಒಗೆದ ಅಂಗಿ ಹಾಕಿಕೊಂಡು ಬಂದವನು ಗೇಟಿನಲ್ಲೇ ನಿಂತ. ಮೂರು ವಾರ ಮೈಮುರಿದು ತಂದ ಹೊಳಪಿನ ಮೇಲೆ ಅಕ್ಕಿಹಿಟ್ಟು. ಹತ್ತಿರ ಬಂದು ಬೇಡ ಎನ್ನಲಿಲ್ಲ. ನೆಲದ ಮೇಲಿದ್ದ ಬಟ್ಟಲನ್ನು ಎತ್ತಿ ಅವಳ ಕೈಗೆ ಎಟುಕುವ ಹಾಗೆ ಹಿಡಿದು ಕೂತ.

“ಅಮ್ಮನ ಗೋಡೆ ಅಲ್ಲೇ ಬಿಟ್ಟು ಬಂದ್ವಿ” ಎಂದಳು ಅವಳು, ಕಣ್ಣು ಎಳೆಯಿಂದ ಕದಲಿಸದೆ. “ಈ ಗೋಡೆಗೆ ಗಾಲಿ ಇದಾವೆ. ಯಾವ ನೀರು ಬಂದ್ರೂ ಓಡಿಸ್ಕೊಂಡು ಹೋಗಬಹುದು.”

ಮೊದಲು ನೋಡಿದವಳು ದೊಡ್ಡಮ್ಮ. ಹಾಲಿನ ಚೊಂಬು ಹಿಡಿದು ಬಂದವಳು ಚಿತ್ತಾರವನ್ನು ನೋಡಿದಳು, ಬಟ್ಟಲು ಹಿಡಿದವನನ್ನು ನೋಡಿದಳು, ಹೋಗಿ ತುಳಸಿಕಟ್ಟೆಯ ಮೇಲೆ ಕೂತುಬಿಟ್ಟಳು. ಆಮೇಲೆ ದೊಡ್ಡಪ್ಪ, ಗಂಜಿ ಹಾಕಿದ ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಮಡಿಸಿದ ಶಾಲು.

ಅವರ ಮುಖದ ಬಣ್ಣ ಕಾರಿನ ಬಣ್ಣಕ್ಕೆ ಬಂತು. ಯಾರು ಮಾಡಿದ್ದು, ಒರೆಸು ಎಂದರು. ಶಾಲು ತೆಗೆದು ತಾವೇ ಒರೆಸಲು ಹೊರಟರು. ದೊಡ್ಡಮ್ಮ ಕೂತಲ್ಲಿಂದಲೇ ಹೇಳಿದಳು: “ನಿಲ್ಲಿ. ಹಸೆ ಬರೆದಾದ ಮೇಲೆ ಮದುವೆ ಮುಗಿಯೋತನಕ ನಮ್ಮನೇಲಿ ಯಾರೂ ಅಳಿಸಿಲ್ಲ. ನಿಮ್ಮ ಅವ್ವ ಬದುಕಿದ್ದಿದ್ರೆ ನಿಮ್ಮ ಕೈ ಹಿಡೀತಿದ್ರು.”

ಕೈ ಅಲ್ಲೇ ನಿಂತಿತು. ದೊಡ್ಡಪ್ಪ ಮಾಡದೊಳಗಿನ ಎರಡು ಗೊಂಬೆಗಳನ್ನು ನೋಡಿದರು. ಗುತ್ಯಪ್ಪನನ್ನು ನೋಡಿದರು. ಕೊನೆಗೆ ತಮ್ಮನ ಮಗಳ ಕಡೆ ತಿರುಗಿದರು.

“ಬ್ಯಾರೆ ಹುಡುಗ ಮನಸ್ಸಲ್ಲಿದ್ರೆ ಬಾಯಲ್ಲಿ ಹೇಳಕ್ಕಾಗ್ತಿರಲಿಲ್ವೇನೇ ಪೂರ್ಣಿ? ನನ್ನ ಕಾರೇ ಬೇಕಾಗಿತ್ತಾ?”

ಅವಳು ಕುಂಚ ಕೆಳಗಿಟ್ಟು ಎದ್ದು ನಿಂತಳು. “ಕೇಳಿದ್ರೆ ಹೇಳ್ತಿದ್ದೆ ದೊಡ್ಡಪ್ಪ. ಊರು ಮುಳುಗೋವಾಗ್ಲೂ ಯಾರೂ ನನ್ನ ಕೇಳಲಿಲ್ಲ. ಇದೊಂದನ್ನಾದ್ರೂ ಕೇಳಿ.”

ದೊಡ್ಡಪ್ಪನಿಗೆ ಆ ಊರು ತಾವು ಹುಟ್ಟಿದ ಊರೂ ಹೌದು. ಅವರು ಕಣ್ಣು ಕಿರಿದು ಮಾಡಿ ಆ ಎಳೆಗಳನ್ನು ಮತ್ತೆ ನೋಡಿದರು. ಆ ಜಡೆಯನ್ನೂ ಆ ಮಾಡವನ್ನೂ ಅವರು ಎಲ್ಲೋ ನೋಡಿದ್ದರು; ತಮ್ಮನ ಮನೆಯ ಒಳಕೋಣೆಯಲ್ಲಿ, ಗ್ಯಾಸುಲೈಟಿನ ಬೆಳಕಿನಲ್ಲಿ, ದೊಡ್ಡ ಮಗಳ ಮದುವೆಯ ದಿನ. ಶಾಲನ್ನು ಮೆಲ್ಲಗೆ ಹೆಗಲಿಗೆ ಹಾಕಿಕೊಂಡರು.

“ಸರಿ. ಕೇಳ್ತಿದೀನಿ. ಇವನೇನಾ?”

“ಹ್ಞೂಂ” ಎಂದಳು ಅನ್ನಪೂರ್ಣೇಶ್ವರಿ. ಜೀವಮಾನದಲ್ಲಿ ಅಷ್ಟು ಚಿಕ್ಕ ಮಾತಿಗೆ ಅಷ್ಟು ಉಸಿರು ಅವಳಿಗೆ ಬೇಕಾಗಿರಲಿಲ್ಲ.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಗುತ್ಯಪ್ಪನ ಕಡೆ ತಿರುಗಿ ಗತ್ತಿನಿಂದ, ನಿಮ್ಮದು ಯಾವ ಬಳಿ ಎಂದು ಶುರು ಮಾಡಿದರು. ಒಂದೇ ಬಳಿಯವರಾದರೆ ಅಣ್ಣ ತಂಗಿ ಇದ್ದ ಹಾಗೆ, ಮದುವೆ ಕೂಡುವುದಿಲ್ಲ. ಉತ್ತರ ತುಳಸಿಕಟ್ಟೆಯಿಂದ ಬಂತು.

“ಅದನ್ನೆಲ್ಲ ನಾನು ಎರಡನೇ ದಿನಾನೇ ಕೇಳಿದೀನಿ. ಬ್ಯಾರೆ ಬಳಿ. ಆಗ್ತದೆ.”

ಅನ್ನಪೂರ್ಣೇಶ್ವರಿ ತಿರುಗಿ ನೋಡಿದಳು. ದೊಡ್ಡಮ್ಮ ಹಾಲಿನ ಚೊಂಬಿನೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ಬಗ್ಗಿ ನೋಡುತ್ತಿದ್ದಳು. ಹಾಗಾದರೆ ದಿನಾ ಬೆಳಗಿನ ಜಾವ ಒಂದು ಹಸು ಕರೆಯಲು ಅಷ್ಟು ಹೊತ್ತು ಹಿಡಿಯುತ್ತಿದ್ದುದು ಸುಮ್ಮನೆ ಅಲ್ಲ.

ದೊಡ್ಡಪ್ಪ ಸೋತ ಮುಖ ತೋರಿಸದೆ ಸೋಲುವುದರಲ್ಲಿ ಗಟ್ಟಿಗರು. ಕಾರಿನ ಬಾಗಿಲು ತೆರೆದು ಮುಂದಿನ ಸೀಟಿನಲ್ಲಿ ಠೀವಿಯಿಂದ ಕೂತರು. ಹೊಸನಗರ ಹೇಗೂ ದಾರಿಯಲ್ಲೇ ಸಿಗುತ್ತದೆ, ಮೊದಲು ಹೂವಮ್ಮನನ್ನು ಕಂಡು ಮಾತಾಡಿ, ಅಲ್ಲಿಂದ ತೀರ್ಥಹಳ್ಳಿಗೆ ಹೋಗಿ ಅವರ ಮುಂದೆ ಕೈ ಮುಗಿದು ತಪ್ಪಾಯಿತು ಎಂದು ಹೇಳಿಬರುತ್ತೇನೆ, ಅದು ನನ್ನ ತಲೆನೋವು ಎಂದರು. ಪೇಟೆಯಲ್ಲಿ ಕಾರು ನಿಲ್ಲಿಸಿ ಬಸ್ಸಿನ ಸಾಹುಕಾರರಿಗೆ ಈ ಬಣ್ಣ ತೋರಿಸಬೇಕು ಎಂಬುದನ್ನೂ ಸೇರಿಸಿದರು.

ಗುತ್ಯಪ್ಪ ಸ್ಟಿಯರಿಂಗಿನ ಹಿಂದೆ ಕೂರುವ ಮುಂಚೆ ಬಾಗಿಲಿನ ಒಳಗಂಬದ ಆ ಬೆಂಕಿಪೊಟ್ಟಣದಷ್ಟು ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿದ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ದೊಡ್ಡಪ್ಪ ಪಕ್ಕದಲ್ಲೇ ಇದ್ದರೂ ಲೆಕ್ಕಿಸದೆ, ಒಂದಕ್ಷರವನ್ನೂ ಬಿಡದೆ ಕರೆದ.

“ಅನ್ನಪೂರ್ಣೇಶ್ವರಿಯವರೇ, ಮೇಸ್ತ್ರಿ ವಾಪಸ್ ಬರೋತನಕ ಬಿಸಿಲಲ್ಲಿ ನಿಂತ್ಕೋಬೇಡಿ.”

ಅವಳು ನೆರಳಿಗೆ ಹೋಗಲಿಲ್ಲ. ಕಾರು ನಿಧಾನಕ್ಕೆ ಅಂಗಳ ಸುತ್ತಿ ಅವಳ ಮುಂದೆ ಹಾದುಹೋಯಿತು. ಹೊಳೆಯುವ ಕೆಂಪಿನೊಳಗೆ, ಬಿಳಿಯ ಎಳೆಗಳ ನಡುವೆ, ಎರಡು ಗೊಂಬೆಗಳ ಪಕ್ಕದಲ್ಲಿ ಅವಳ ಮುಖ ಒಂದು ಗಳಿಗೆ ಮೂಡಿ, ನಕ್ಕು, ಮುಂದೆ ಸಾಗಿತು. ಗೇಟು ದಾಟುವಾಗ ದೊಡ್ಡಪ್ಪನ ದನಿ ಕೇಳಿಸಿತು.

“ಮೆಲ್ಲಗೆ ಬಿಡೋ ಮಾರಾಯ. ಧೂಳು ಹಾರಿದ್ರೆ ಚಿತ್ತಾರ ಕೆಡ್ತದೆ.”